ಕಣ್ಣಿಗಿಂತ ಹಳೆಯ ಕಲ್ಲು



ಕೆಲವು ತಿಂಗಳ ಕೆಳಗೆ ಹಿರಿಯೂರಿನ ಕಡೆಯ ಮಿತ್ರರೊಬ್ಬರು ನಮ್ಮ ಮನೆಗೆ ಬಂದು, ಕೈಚೀಲದಿಂದ ಒಂದು ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟರು. ಅಂಗೈಯಗಲದ ಬೂದುಬಣ್ಣದ ಕಲ್ಲು. ಅದರ ಮೈಮೇಲೆ ಬಾದಾಮಿಯಾಕಾರದ ನಸುಗೆಂಪು ಗುರುತುಗಳು ಮೂರುನಾಲ್ಕು ಇದ್ದುವು. ಒಂದೊಂದರ ಮೇಲೆ ಕೆಳಗೆ ಕಪ್ಪು ರೇಖೆಗಳು ರೆಪ್ಪೆಗಳಂತೆ ಬಾಗಿ ಬಂದು ಎರಡು ಕೊನೆಗಳಲ್ಲಿಯೂ ಕೂಡಿಕೊಂಡಿದ್ದುವು. ನೋಡಿದೊಡನೆ ಕಲ್ಲು ನಮ್ಮನ್ನು ನೋಡುತ್ತಿರುವಂತೆಯೇ ತೋರಿತು. ಪುರಾತನ ಜಂತುಗಳ ಕಣ್ಣುಗಳು ಶಿಲೆಯಲ್ಲಿ ಉಳಿದುಬಂದಿರುವುವೆಂದು ಅವರು ಎಲ್ಲಿಯೋ ಓದಿದ್ದರು. ಇವು ಅಂಥ ಕಣ್ಣುಗಳೇ ಎಂಬುದು ಅವರ ಪ್ರಶ್ನೆ.

ಅವು ಕಣ್ಣುಗಳಲ್ಲ. ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳು ನೆಲದೊಳಗಣ ಒತ್ತಡಕ್ಕೂ ತಾಪಕ್ಕೂ ಸಿಕ್ಕಿ, ಎರಡು ಕೊನೆಗಳಲ್ಲಿ ಹಿಂಜಿ, ಸುತ್ತಲಿನ ಅಭ್ರಕದ ಪದರಗಳನ್ನು ಬಾಗಿಸಿ ತಳೆದ ರೂಪ ಅದು. ಜರ್ಮನಿಯ ಭೂವಿಜ್ಞಾನಿಗಳು ಇಂಥ ಗುರುತುಗಳಿಗೆ ‘ಔಗೆನ್’ ಎಂದು ಹೆಸರಿಟ್ಟರು. ಆ ಮಾತಿಗೆ ‘ಕಣ್ಣುಗಳು’ ಎಂದೇ ಅರ್ಥ. ಈಗಲೂ ಲೋಕದಲ್ಲೆಲ್ಲ ಆ ಕಲ್ಲಿಗೆ ಔಗೆನ್ ನೈಸ್ ಎಂಬುದೇ ಹೆಸರು. ಆದುದರಿಂದ ಕಲ್ಲಿನಲ್ಲಿ ಕಣ್ಣನ್ನು ಕಂಡವರಲ್ಲಿ ನಮ್ಮ ಮಿತ್ರರು ಮೊದಲಿಗರಲ್ಲ. ಪಂಡಿತರೇ ಅವರಿಗೆ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ.

ಈ ಉತ್ತರದಿಂದ ಅವರಿಗೆ ಸಮಾಧಾನವಾಗಲಿಲ್ಲ. “ಈ ಕಲ್ಲಿನಲ್ಲಿ ಇಲ್ಲದಿದ್ದರೆ ಹೋಗಲಿ, ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇಷ್ಟೂ ಸೀಮೆ ಕಲ್ಲಿನದೇ ಅಲ್ಲವೆ? ಹುಡುಕಿದರೆ ಎಲ್ಲಿಯಾದರೂ ಒಂದು ಕಣ್ಣು ಸಿಕ್ಕದೆ?” ಎಂದು ಕೇಳಿದರು. ಸಿಕ್ಕದು ಎಂದು ಹೇಳುವುದು ಸುಲಭ. ಏಕೆ ಸಿಕ್ಕದೆಂಬುದನ್ನು ಹೇಳಹೊರಟರೆ ದುರ್ಗದ ಬಂಡೆಗಳ ಕಥೆಯನ್ನೂ ಕಣ್ಣಿನ ಕಥೆಯನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ.

ಮೊದಲು ಬಂಡೆಗಳು. ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಬಳಿಯಿಂದ ಉತ್ತರದಲ್ಲಿ ಗದಗಿನವರೆಗೆ ನಾನೂರು ಕಿಲೋಮೀಟರುಗಳಿಗೂ ಮೇಲಾಗಿ ಹಬ್ಬಿರುವ ಪುರಾತನ ಶಿಲೆಗಳ ಪಟ್ಟಿಯೊಂದುಂಟು. ಭೂವಿಜ್ಞಾನಿಗಳು ಅದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಇದು ರಾಬರ್ಟ್ ಬ್ರೂಸ್ ಫೂಟ್ ಎಂಬವರು ‘ಧಾರವಾಡ’ ಎಂದು ಹೆಸರಿಸಿದ ಶಿಲಾವರ್ಗಕ್ಕೆ ಸೇರಿದುದು. ಇದರ ಮಡಿಕೆಗಳಲ್ಲಿ ಒಂದು ಕಡಲಿನ ಗುರುತುಗಳು ಉಳಿದಿವೆ. ದುರ್ಗದ ಆಗ್ನೇಯಕ್ಕಿರುವ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತಿರುವ ಕಪ್ಪು ಶಿಲೆಯನ್ನು ಕೇಳುಗರಲ್ಲಿ ಕೆಲವರು ನೋಡಿರಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಕಾಪಾಡಿದ್ದಾರೆ. ಕರಗಿದ ಶಿಲಾರಸವು ನೀರಿನೊಳಗೆ ಉಕ್ಕಿದಾಗ ಅದರ ಹೊರಮೈ ಥಟ್ಟನೆ ಆರಿ, ಒಳಗಣ ರಸ ಉಬ್ಬಿ, ಇಂಥ ದಿಂಬುಗಳಾಗುತ್ತವೆ. ಒಣನೆಲದ ಮೇಲೆ ಹರಿದ ಲಾವಾ ಈ ಆಕಾರವನ್ನು ತಾಳದು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಸರನ್ನು ಹೊತ್ತ ಇನ್ನೊಂದು ಶಿಲೆಯಲ್ಲಿ ನಾನಾ ಜಾತಿಯ ಉರುಟುಗಲ್ಲುಗಳು ಹಳೆಯ ಕೆಸರಿನಲ್ಲಿ ಹುದುಗಿ ಗಟ್ಟಿಯಾಗಿವೆ.

ಈ ಉರುಟುಗಲ್ಲುಗಳ ವಿಷಯದಲ್ಲಿ ಹಿಂದೆ ಒಂದು ದೊಡ್ಡ ವಾದವೇ ನಡೆಯಿತು. 1894ರಲ್ಲಿ ಸ್ಥಾಪಿತವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ನಿರ್ದೇಶಕರಾಗಿದ್ದ ಸ್ಮೀತ್ ಸಾಹೇಬರು, ಧಾರವಾಡ ಶಿಲೆಗಳೆಲ್ಲ ಹೆಚ್ಚುಕಡಮೆ ಬೆಂಕಿಯಿಂದಲೇ ಹುಟ್ಟಿದುವು, ಈ ಗುಂಡುಗಳೂ ಬಂಡೆಗಳು ತಮ್ಮಷ್ಟಕ್ಕೆ ನುಗ್ಗಾಗಿ ಉರುಳಿದ ಚೂರುಗಳೇ ಹೊರತು ನದಿಯ ಕಲ್ಲುಗಳಲ್ಲ ಎಂದು ಹಿಡಿದಿದ್ದರು. ಅದೇ ಇಲಾಖೆಯ ಬಿ. ರಾಮರಾಯರೂ ಅವರ ಸಂಗಡಿಗರೂ ಬೆಟ್ಟಗಳನ್ನು ಮತ್ತೆ ಸುತ್ತಿ, ಅಲೆಗಳು ಮರಳಿನ ಮೇಲೆ ಬಿಡುವ ಸುಕ್ಕುಗಳೂ ಪ್ರವಾಹದ ಪದರಗಳೂ ಇರುವುದನ್ನು ಎತ್ತಿ ತೋರಿಸಿ, ನೀರಿನ ಪಕ್ಷವನ್ನು ಗೆಲ್ಲಿಸಿದರು. ತಮ್ಮ ಇಲಾಖೆಯ ಹಿರಿಯರ ಸಿದ್ಧಾಂತವನ್ನು ಕಲ್ಲಿನ ಸಾಕ್ಷ್ಯದಿಂದಲೇ ತಿದ್ದಿದ ಈ ನಡತೆ ನಮಗೆ ಬಹಳ ಮೆಚ್ಚಿಕೆಯಾದುದು.

ನೀರಿದ್ದಿತು ಎಂದ ಮೇಲೆ ಜೀವ? ಅದೂ ಇದ್ದಿತು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವನ್ನು ಅರಿಯದವರಿಲ್ಲ. ಆ ಸಾಗರದ ಹೆಸರನ್ನೇ ಪಡೆದಿರುವ ಒಂದು ಶಿಲಾಸಮೂಹದಲ್ಲಿ ಸುಣ್ಣಗಲ್ಲಿನ ಪದರಗಳಿವೆ. ಚಿತ್ರದುರ್ಗ ಪಟ್ಟಿಯ ಇಂಥ ಸುಣ್ಣಗಲ್ಲಿನಲ್ಲಿ ಸ್ಟ್ರೊಮಾಟೊಲೈಟುಗಳಿರುವುದನ್ನು 1989ರಲ್ಲಿ ಪ್ರಕಟವಾದ ಲೇಖನವೊಂದು ವಿವರಿಸಿತು. ಹೆಸರು ಕಠಿನವಾದರೂ ವಸ್ತು ಸರಳ. ಕಣ್ಣಿಗೆ ಕಾಣದಷ್ಟು ಕಿರಿದಾದ ಜೀವಿಗಳು ತಿಳಿನೀರಿನ ತಳದಲ್ಲಿ ಲೋಳೆಯ ಚಾಪೆಯಾಗಿ ಹರಡುತ್ತವೆ. ಅದರ ಮೇಲೆ ಸುಣ್ಣದ ಕಣಗಳು ಕೂರುತ್ತವೆ. ಬೆಳಕು ಬೇಕೆಂದು ಜೀವಿಗಳು ಮೇಲಕ್ಕೆ ಬಂದು ಮತ್ತೊಂದು ಚಾಪೆಯನ್ನು ಹಾಸುತ್ತವೆ. ಹಪ್ಪಳಗಳನ್ನು ಒಂದರ ಮೇಲೊಂದು ಒಟ್ಟಿ ನಡುವೆ ಸ್ವಲ್ಪ ಉಬ್ಬಿಸಿದರೆ ಹೇಗೋ ಹಾಗೆ ಆ ಕಲ್ಲು ಕಾಣುತ್ತದೆ.

ಈಗ ವಯಸ್ಸಿನ ಮಾತು. ಈ ಪದರಗಳನ್ನು ಒತ್ತಿಕೊಂಡು ನುಗ್ಗಿದ, ಚಿತ್ರದುರ್ಗದ ಹೆಸರನ್ನೇ ಹೊತ್ತಿರುವ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಪದರಗಳು ಅದಕ್ಕೂ ಹಿರಿಯವು. ಕೋಟಿ ಎಂಬುದು ಲೆಕ್ಕಕ್ಕೆ ಸಿಕ್ಕುವ ಮಾತು, ಮನಸ್ಸಿಗೆ ಸಿಕ್ಕುವುದಲ್ಲ. ಆದುದರಿಂದ ಒಂದು ಉಪಾಯ ಮಾಡೋಣ. ದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್ ದಾರಿ. ದುರ್ಗದಲ್ಲಿ ಆ ಗ್ರಾನೈಟಿನ ಜನ್ಮಕಾಲವೆಂದೂ ಹಿರಿಯೂರಿನಲ್ಲಿ ಇಂದಿನ ದಿನವೆಂದೂ ಇಟ್ಟುಕೊಂಡು ನಡೆಯತೊಡಗೋಣ. ಐಮಂಗಲವನ್ನು ಮುಟ್ಟುವವರೆಗೂ, ಅದನ್ನು ದಾಟಿದ ಮೇಲೂ, ದಾರಿಯಲ್ಲಿ ಕಣ್ಣುಳ್ಳ ಪ್ರಾಣಿ ಒಂದೂ ಎದುರಾಗುವುದಿಲ್ಲ. 32 ಕಿಲೋಮೀಟರ್ ನಡೆದು, ಹಿರಿಯೂರು ಇನ್ನು 8 ಕಿಲೋಮೀಟರ್ ಇರುವಲ್ಲಿ, ಅಂದರೆ ಸುಮಾರು 52 ಕೋಟಿ ವರ್ಷಗಳ ಹಿಂದೆ, ನಮ್ಮನ್ನು ದಿಟ್ಟಿಸುವ ಮೊದಲ ಟ್ರೈಲೊಬೈಟ್ ಕಾಣುತ್ತದೆ. ಮನುಷ್ಯಜಾತಿ ಕಾಣಿಸಿಕೊಳ್ಳುವುದು ಊರ ಬಾಗಿಲಿಗೆ ಹದಿನೈದು ಅಡಿ ಇರುವಾಗ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವನ್ನು ಕೊರೆದುದು ಉಳಿದ ಒಂದು ಅಂಗುಲದಲ್ಲಿ. ನಮ್ಮ ಮಿತ್ರರು ಹುಡುಕಹೊರಟಿದ್ದುದು, ಅಜ್ಜನ ಜಾತಕದಲ್ಲಿ ಮೊಮ್ಮಗನ ಮದುವೆಯ ಮುಹೂರ್ತವನ್ನು! ಟ್ರೈಲೊಬೈಟುಗಳು ಬಾಳಿದ ಕಾಲದ ಕಡಲಿನ ಪದರಗಳು ಈ ಸೀಮೆಯ ಮೇಲೆ ಎಲ್ಲಿಯೂ ಉಳಿದಿಲ್ಲ.

ಹಾಗಾದರೆ ನಿಜವಾದ ಶಿಲೆಗಣ್ಣು ಹೇಗಿರುತ್ತದೆ? ಅದನ್ನು ತಿಳಿಯುವುದಕ್ಕೆ ಜೀವಂತವಾದ ಕಣ್ಣಿನಿಂದ ತೊಡಗುವುದೇ ಮೇಲು. ಹೆಬ್ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಗೂಡು ಕಟ್ಟುವುದು ನಮ್ಮ ಬೆಟ್ಟದ ಸೀಮೆಗಳವರಿಗೆ ಚೆನ್ನಾಗಿ ಗೊತ್ತು. ಕೆಲವರಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಗೊತ್ತಿರಬಹುದು. ಜೇನುಹುಳುವಿನ ತಲೆಯ ಎರಡು ಪಕ್ಕಗಳಲ್ಲಿ ಉಬ್ಬಿರುವ ಕಪ್ಪು ಭಾಗವೇ ಅದರ ಸಂಯುಕ್ತ ನೇತ್ರ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಆರು ಮೂಲೆಯ ಸಾವಿರಾರು ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದಂತೆ ಕಾಣುತ್ತದೆ. ಕೆಲಸಗಾರ ಜೇನಿನ ಒಂದು ಕಣ್ಣಿನಲ್ಲಿ ಇಂಥವು ಐದು ಸಾವಿರದಷ್ಟು, ಕೆಲವು ದೊಡ್ಡ ಕೊಡತಿಹುಳುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ. ಒಂದೊಂದು ಬಿಲ್ಲೆಯೂ ಒಂದು ಮಸೂರ. ಅದರ ಕೆಳಗೆ ಹರಳಿನಂಥ ಶಂಕು, ಅದರ ಕೆಳಗೆ ಬೆಳಕನ್ನರಿಯುವ ಜೀವಕೋಶಗಳ ಕಟ್ಟು, ಪಕ್ಕದವರ ಬೆಳಕು ಒಳಗೆ ಬಾರದಂತೆ ಸುತ್ತಲೂ ಕಪ್ಪುಬಣ್ಣದ ಗೋಡೆ. ಇಂಥದೊಂದನ್ನು ಕಿರುಗಣ್ಣು ಎನ್ನೋಣ.

ಐದು ಸಾವಿರ ಕಿರುಗಣ್ಣುಗಳಿದ್ದರೆ ಹುಳುವಿಗೆ ಒಂದು ಹೂವು ಐದು ಸಾವಿರ ಹೂವಾಗಿ ಕಾಣುತ್ತದೆಂಬ ತಿಳಿವಳಿಕೆ ಬಹಳ ಕಡೆ ಹರಡಿದೆ. ಅದು ಸರಿಯಲ್ಲ. ಒಂದೊಂದು ಕಿರುಗಣ್ಣೂ ತನಗೆ ನೇರವಾಗಿರುವ ದಿಕ್ಕಿನ ಒಂದು ಚುಕ್ಕಿಯಷ್ಟನ್ನು ಮಾತ್ರ ವರದಿ ಮಾಡುತ್ತದೆ. ರಂಗೋಲಿಯ ಚುಕ್ಕಿಗಳಂತೆ ಅವೆಲ್ಲ ಸೇರಿ ಒಂದೇ ಚಿತ್ರವಾಗುತ್ತವೆ. ಚುಕ್ಕಿ ಕಡಮೆಯಾದಷ್ಟೂ ಚಿತ್ರ ಒರಟು. ನಮ್ಮ ಕಣ್ಣಿನ ಸೂಕ್ಷ್ಮತೆಯನ್ನು ಈ ಬಗೆಯಲ್ಲಿ ಪಡೆಯಬೇಕಾದರೆ ಸುಮಾರು ಒಂದು ಮೀಟರ್ ಅಗಲದ ಸಂಯುಕ್ತ ನೇತ್ರವನ್ನು ತಲೆಯ ಮೇಲೆ ಹೊರಬೇಕಾಗುವುದೆಂದು ಕಿರ್ಷ್‌ಫೆಲ್ಡ್ ಎಂಬ ವಿಜ್ಞಾನಿ 1976ರಲ್ಲಿ ಲೆಕ್ಕ ಹಾಕಿದರು. ಆದರೆ ಸುತ್ತಲೂ ಒಮ್ಮೆಗೇ ನೋಡುವುದರಲ್ಲಿ, ಚಲನೆಯನ್ನು ಥಟ್ಟನೆ ಹಿಡಿಯುವುದರಲ್ಲಿ ಈ ಕಣ್ಣು ನಮ್ಮದಕ್ಕಿಂತ ಚುರುಕು. ನೊಣವನ್ನು ಹೊಡೆಯಹೋದವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಡ.

ಜೇನಿನ ಕಣ್ಣು ಸತ್ತ ಮೇಲೆ ಬೇಗನೆ ಕೊಳೆತುಹೋಗುತ್ತದೆ. ಟ್ರೈಲೊಬೈಟುಗಳ ಸಂಗತಿ ಬೇರೆ. ಇವು ಜೇನು, ಏಡಿ, ಚೇಳುಗಳಂತೆ ಸಂಧಿಪದಿಗಳ ವರ್ಗಕ್ಕೆ ಸೇರಿದ ಕಡಲಜೀವಿಗಳು. ಬೆನ್ನಿನ ಮೇಲೆ ಉದ್ದಕ್ಕೆ ಮೂರು ಪಾಲಾಗಿರುವ ಚಿಪ್ಪಿನಿಂದ ಈ ಹೆಸರು. ಇಪ್ಪತ್ತೇಳು ಕೋಟಿ ವರ್ಷ ಬಾಳಿ, ಇಂದಿಗೆ ಸುಮಾರು 25 ಕೋಟಿ ವರ್ಷಗಳ ಹಿಂದೆ ನಿರ್ವಂಶವಾದುವು. ಇವುಗಳ ಚಿಪ್ಪು ಸುಣ್ಣದ್ದು. ಕಣ್ಣಿನ ಮಸೂರಗಳೂ ಕ್ಯಾಲ್ಸೈಟ್ ಎಂಬ ಸುಣ್ಣದ ಹರಳಿನವೇ. ಕೊಳೆಯುವ ಭಾಗವೆಲ್ಲ ಕೊಳೆತರೂ ಮಸೂರಗಳು ಉಳಿದುಕೊಂಡುವು.

ಈ ಕ್ಯಾಲ್ಸೈಟ್ ನಮ್ಮ ಸುಣ್ಣಗಲ್ಲಿನ ಮುಖ್ಯ ಖನಿಜ. ಅದರ ಶುದ್ಧವಾದ ಹರಳು ಗಾಜಿನಂತೆ ಪಾರದರ್ಶಕ. ಆದರೆ ಅದಕ್ಕೊಂದು ವಿಚಿತ್ರ ಸ್ವಭಾವವುಂಟು. ಅಚ್ಚಿನ ಸಾಲಿನ ಮೇಲೆ ಅದನ್ನಿಟ್ಟು ನೋಡಿದರೆ ಒಂದು ಸಾಲು ಎರಡಾಗಿ ಕಾಣುತ್ತದೆ. ಡೆನ್ಮಾರ್ಕಿನ ಬಾರ್ತೊಲಿನ್ 1669ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಎಲ್ಲವನ್ನೂ ಎರಡಾಗಿ ತೋರಿಸುವ ಕಲ್ಲಿನಿಂದ ಕಣ್ಣು ಮಾಡಿಕೊಂಡರೆ ಗತಿಯೇನು? ಆದರೆ ಹರಳಿನ ಒಂದೇ ಒಂದು ದಿಕ್ಕಿನಲ್ಲಿ ಹಾಯುವ ಬೆಳಕು ಎರಡಾಗುವುದಿಲ್ಲ. ಟ್ರೈಲೊಬೈಟಿನ ಮಸೂರಗಳಲ್ಲಿ ಹರಳು ಸರಿಯಾಗಿ ಆ ದಿಕ್ಕಿಗೇ ನಿಂತಿದೆ.

ಇಲ್ಲಿ ನಮಗೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ನೆನಪಾಗುತ್ತದೆ. 1800-01ರಲ್ಲಿ ಈ ಸೀಮೆಗಳಲ್ಲಿ ಸಂಚರಿಸಿದ ಬುಕನನ್, ಅಲ್ಲಿ ಬಳೆಗಳಿಗಾಗಿ ಗಾಜು ಕಾಯಿಸುತ್ತಿದ್ದ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಮನುಷ್ಯನಿಗೆ ಬೆಳಕು ಹಾಯುವ ವಸ್ತು ಬೇಕಾದರೆ ಹೀಗೆ ಮಣ್ಣು, ಕ್ಷಾರ, ರಾಶಿ ಸೌದೆ, ಹಗಲಿರುಳಿನ ಬೆಂಕಿ ಎಲ್ಲವೂ ಬೇಕು. ಟ್ರೈಲೊಬೈಟ್ ತಣ್ಣನೆಯ ಕಡಲಿನಲ್ಲಿ, ನೀರಿನಲ್ಲಿ ಕರಗಿದ್ದ ಸುಣ್ಣದಿಂದಲೇ ಅದನ್ನು ಮಾಡಿಕೊಂಡಿತು. ಪೊರೆ ಕಳಚಿದಾಗಲೆಲ್ಲ ಹಳೆಯ ಮಸೂರಗಳನ್ನು ಬಿಸುಟು ಹೊಸವನ್ನು ಬೆಳೆಸಿಕೊಂಡಿತು.

ಟ್ರೈಲೊಬೈಟುಗಳಲ್ಲಿ ಹೆಚ್ಚಿನವುಗಳ ಕಣ್ಣು ಜೇನಿನದರಂತೆ ಚಿಕ್ಕ ಮಸೂರಗಳ ಒತ್ತು ಜೋಡಣೆ. ಫೇಕಾಪ್ಸ್ ಎಂಬ ಕುಲದವುಗಳಲ್ಲಿ ಮಾತ್ರ ಮಸೂರಗಳು ದೊಡ್ಡವು, ಸಂಖ್ಯೆಯಲ್ಲಿ ಕಡಮೆ, ಒಂದಕ್ಕೊಂದು ತಗಲದೆ ದಾಳಿಂಬೆಯ ಕಾಳುಗಳಂತೆ ಸಾಲುಗೂಡಿರುವುವು. ಅಮೆರಿಕದ ಕೆನೆತ್ ಟೋ ಇಂಥ ಮಸೂರಗಳ ಮೂಲಕವೇ ಛಾಯಾಚಿತ್ರಗಳನ್ನು ತೆಗೆದು 1973ರಲ್ಲಿ ಪ್ರಕಟಿಸಿದರು. ಮೂವತ್ತೆಂಟು ಕೋಟಿ ವರ್ಷ ನೋಡದೆ ಇದ್ದ ಮಸೂರ ಮತ್ತೆ ಬಿಂಬವನ್ನು ಮೂಡಿಸಿತು! ಎರಡು ವರ್ಷಗಳ ತರುವಾಯ ಎಡಿನ್‌ಬರೋದ ಕ್ಲಾರ್ಕ್‌ಸನ್ ಎಂಬ ಪಳೆಯುಳಿಕೆ ಶಾಸ್ತ್ರಜ್ಞರೂ ಷಿಕಾಗೋದ ಲೆವಿ-ಸೆಟ್ಟಿ ಎಂಬ ಭೌತವಿಜ್ಞಾನಿಯೂ ಕೂಡಿ ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ದಪ್ಪ ಮಸೂರದ ಅಂಚಿನಲ್ಲಿ ಹಾಯುವ ಬೆಳಕೂ ನಡುವೆ ಹಾಯುವ ಬೆಳಕೂ ಒಂದೇ ಬಿಂದುವಿನಲ್ಲಿ ಕೂಡದೆ ಬಿಂಬ ಮಸಕಾಗುತ್ತದೆ. ಈ ದೋಷವನ್ನು ಕಳೆಯುವ ಮೇಲ್ಮೈಗಳನ್ನು ಹದಿನೇಳನೆಯ ಶತಮಾನದಲ್ಲಿ ಡೆಕಾರ್ಟ್ ಮತ್ತು ಹೈಗನ್ಸ್ ಗಣಿತದಿಂದ ಕಂಡುಹಿಡಿದಿದ್ದರು. ಫೇಕಾಪ್ಸ್ ವರ್ಗದ ಮಸೂರಗಳು ಎರಡು ಭಾಗಗಳ ಕೂಡಿಕೆ. ಆ ಎರಡರ ನಡುವಣ ಅಲೆಯಂಥ ಗೆರೆ ಆ ಪಂಡಿತರ ರೇಖೆಗಳನ್ನೇ ಹೋಲುತ್ತಿತ್ತು. ಜಂತುವಿಗೆ ಜ್ಯಾಮಿತಿ ಬರುತ್ತಿತ್ತೆಂದು ಇದರ ಅರ್ಥವಲ್ಲ. ಸ್ವಲ್ಪ ಚೆನ್ನಾಗಿ ಕಂಡುದು ಸ್ವಲ್ಪ ಹೆಚ್ಚು ದಿನ ಬಾಳಿತು. ಈ ಸ್ವಲ್ಪವನ್ನು ಕೋಟಿ ವರ್ಷಗಳಿಂದ ಗುಣಿಸಿಕೊಳ್ಳಬೇಕು.

ಆದರೆ ಈ ವಿಷಯದಲ್ಲಿ ಆತುರದ ಬೆರಗು ಸಲ್ಲದು. 2019ರಲ್ಲಿ ಲಿಂಡ್‌ಗ್ರೆನ್ ಎಂಬವರೂ ಅವರ ಜತೆಯವರೂ ಡೆನ್ಮಾರ್ಕಿನಲ್ಲಿ ದೊರೆತ 5.4 ಕೋಟಿ ವರ್ಷಗಳ ಹಳೆಯ ನೊಣದ ಜಾತಿಯೊಂದರ ಕಣ್ಣನ್ನು ಪರೀಕ್ಷಿಸಿದರು. ಅದರ ಮಸೂರಗಳೂ ಕ್ಯಾಲ್ಸೈಟ್ ಆಗಿದ್ದುವು. ಬದುಕಿರುವ ನೊಣಗಳಲ್ಲಾದರೋ ಅವು ಕ್ಯಾಲ್ಸೈಟ್ ಅಲ್ಲ. ಹೂತುಹೋದ ಮೇಲೆ ಸುಣ್ಣ ಒಳಸೇರಿರಬೇಕು. ಟ್ರೈಲೊಬೈಟುಗಳಲ್ಲಿಯೂ ಹೀಗೆಯೇ ಏಕಾಗಿರಬಾರದು ಎಂದು ಅವರು ಕೇಳಿದರು. ಅದರ ಚಿಪ್ಪೇ ಮೊದಲಿನಿಂದ ಸುಣ್ಣದ್ದಾಗಿರುವಾಗ ಮಸೂರವೂ ಹಾಗೆಯೇ ಎಂಬ ಹಳೆಯ ಪಕ್ಷದವರು ಇದನ್ನು ಒಪ್ಪಿಲ್ಲ. ಹರಳು ಎಲ್ಲ ಮಸೂರಗಳಲ್ಲಿಯೂ ಅಷ್ಟು ಕ್ರಮವಾಗಿ ನಿಂತಿರುವುದನ್ನು ನೋಡಿದರೆ ನಮಗೂ ಹಳೆಯ ಪಕ್ಷವೇ ಬಲವಾಗಿ ತೋರುತ್ತದೆ. ಆದರೂ ಆ ಪ್ರಶ್ನೆ ಬೇಕಾಗಿದ್ದ ಪ್ರಶ್ನೆ. ಸ್ಮೀತ್ ಸಾಹೇಬರ ಗುಂಡುಗಳ ವಾದದಂತೆ ಇದೂ ಕಲ್ಲಿನ ಸಾಕ್ಷ್ಯದಿಂದಲೇ ತೀರಬೇಕು.

ಕಣ್ಣಿನ ಆಕಾರದಿಂದ ಜೀವಿಯ ಬಾಳುವೆಯೂ ತಿಳಿಯುತ್ತದೆ. ಮೊರಾಕೋ ದೇಶದ ಎರ್ಬೆನೊಕೈಲೆ ಎಂಬ ಟ್ರೈಲೊಬೈಟಿನ ಕಣ್ಣುಗಳು ಗೋಪುರಗಳಂತೆ ನೆಟ್ಟಗೆ ನಿಂತು, ನೆತ್ತಿಯಲ್ಲಿ ಸೂರು ಚಾಚಿಕೊಂಡಿವೆ. ಮೇಲಿನಿಂದ ಬೀಳುವ ಬಿಸಿಲಿನ ಬೆಳಕಿಗೆ ಅದು ಮರೆ. ಈ ಜೀವಿ ಹಗಲಿನಲ್ಲಿ ತಿರುಗುತ್ತಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕತ್ತಲೆಯ ಆಳಕ್ಕೆ ಇಳಿದ ಕೆಲವು ವಂಶಗಳಾದರೋ ಕಣ್ಣನ್ನೇ ಕಳೆದುಕೊಂಡುವು.

ಅತ್ಯಂತ ಹಳೆಯ ಕಣ್ಣುಗಳಿಗೆ ಬರೋಣ. ಎಸ್ಟೋನಿಯಾದಲ್ಲಿ ದೊರೆತ ಷ್ಮಿಟಿಯೆಲ್ಲಸ್ ಎಂಬ ಟ್ರೈಲೊಬೈಟಿನ ಬಲಗಣ್ಣಿನ ಮೇಲ್ಮೈ ಅದೃಷ್ಟವಶಾತ್ ಸವೆದಿದ್ದುದರಿಂದ ಒಳಗಣ ರಚನೆ ಕಾಣುವಂತಾಯಿತು. ಜರ್ಮನಿಯ ಶೋನೆಮಾನ್ ಎಂಬಾಕೆ ಮತ್ತು ಜತೆಯವರು 2017ರಲ್ಲಿ ಅದನ್ನು ವಿವರಿಸಿದರು. ಐವತ್ತು ಕೋಟಿ ವರ್ಷಗಳಿಗೂ ಮೀರಿದ ಆ ಕಣ್ಣಿನಲ್ಲಿ ಇದ್ದುದು ನೂರರಷ್ಟು ಕಿರುಗಣ್ಣುಗಳು. ಸರಿಯಾದ ಮಸೂರ ಇನ್ನೂ ಮೂಡಿರಲಿಲ್ಲ. ಆದರೆ ಕಿರುಗಣ್ಣಿನ ಕಟ್ಟೋಣ ಇಂದಿನ ಜೇನಿನದರ ಬಗೆಯದೇ. ಅದೇ ಯುಗದಲ್ಲಿ, ಸುಮಾರು 51.5 ಕೋಟಿ ವರ್ಷಗಳ ಹಿಂದೆ, ಆಸ್ಟ್ರೇಲಿಯದ ಕಾಂಗರೂ ದ್ವೀಪದ ಬಳಿ ಬೇಟೆಯಾಡುತ್ತಿದ್ದ ಅನೊಮಲೊಕಾರಿಸ್‌ಗೆ ಒಂದೊಂದು ಕಣ್ಣಿನಲ್ಲಿ 16,000ಕ್ಕೂ ಹೆಚ್ಚು ಮಸೂರಗಳಿದ್ದುವು. ನೋಡುವ ಬೇಟೆಗಾರ ಬಂದ ಮೇಲೆ, ನೋಡದವನ ಪಾಡು ಊಹಿಸಬಹುದಾದುದು. ನಮ್ಮ ದೇಶದಲ್ಲಿಯೂ ಆ ಯುಗದ ಟ್ರೈಲೊಬೈಟುಗಳು ಉಂಟು. ಹಿಮಾಲಯದ ಸ್ಪಿತಿ ಸೀಮೆಯಲ್ಲಿ ಹೇಡನ್ ಕೂಡಿಸಿ ತಂದುವನ್ನು ರೀಡ್ ಎಂಬ ವಿದ್ವಾಂಸರು 1910ರಲ್ಲಿ ವರ್ಣಿಸಿದರು. ಇನ್ನು 42.9 ಕೋಟಿ ವರ್ಷಗಳ ಹಿಂದಣ, ಬೊಹೀಮಿಯಾದ ಒಂದು ಚಿಕ್ಕ ಟ್ರೈಲೊಬೈಟಿನ ಕಣ್ಣನ್ನು 2020ರಲ್ಲಿ ಪರೀಕ್ಷಿಸಿದವರು, ಅದು ಇಂದಿನ ಜೇನಿನ ಕಣ್ಣಿಗೆ ಬಹುಮಟ್ಟಿಗೆ ಸಮ ಎಂದೇ ಬರೆದರು.

ಇದನ್ನೆಲ್ಲ ಕೇಳಿ ನಮ್ಮ ಮಿತ್ರರು, “ಹಾಗಾದರೆ ನಮ್ಮ ಕಲ್ಲು ಕುರುಡು” ಎಂದರು. ನಾವು ಒಪ್ಪಲಿಲ್ಲ. ಸ್ಟ್ರೊಮಾಟೊಲೈಟುಗಳನ್ನು ಇಂದೂ ಕಟ್ಟುತ್ತಿರುವ ಜೀವಿಗಳಲ್ಲಿ ಮುಖ್ಯವಾದವು ನೀಲಹಸುರು ಸೂಕ್ಷ್ಮಜೀವಿಗಳು. ಅವುಗಳಲ್ಲಿ ಸಿನೆಕೊಸಿಸ್ಟಿಸ್ ಎಂಬುದು ಮಿಲಿಮೀಟರಿನ ಸಾವಿರದ ಮೂರು ಪಾಲಿನಷ್ಟು ಅಗಲದ ಒಂದು ಗುಂಡು. ಅದು ಬೆಳಕಿನ ಕಡೆಗೆ ತೆವಳುತ್ತದೆ. ಬೆಳಕು ಯಾವ ಕಡೆಯಿಂದ ಬಂತೆಂದು ಅದಕ್ಕೆ ತಿಳಿಯುವುದು ಹೇಗೆ? 2016ರಲ್ಲಿ ಜರ್ಮನಿ, ಇಂಗ್ಲೆಂಡುಗಳ ವಿಜ್ಞಾನಿಗಳು ಕಂಡರು: ಆ ಗುಂಡಾದ ಒಡಲೇ ಒಂದು ಮಸೂರ. ಒಂದು ಕಡೆ ಬಿದ್ದ ಬೆಳಕು ಎದುರು ಅಂಚಿನಲ್ಲಿ ಚುಕ್ಕಿಯಾಗಿ ಕೂಡುತ್ತದೆ. ಜೀವಿ ಆ ಚುಕ್ಕಿಗೆ ಬೆನ್ನು ತಿರುಗಿಸಿ ನಡೆಯುತ್ತದೆ. ನೀರು ತುಂಬಿದ ಗಾಜಿನ ಬುರುಡೆ ಬಿಸಿಲನ್ನು ಕೂಡಿಸುವಂತೆಯೇ ಇದೂ. ಕಣ್ಣಿಲ್ಲ, ನರವಿಲ್ಲ, ಬೆಳಕಿನ ದಿಕ್ಕಿನ ಅರಿವು ಮಾತ್ರ ಉಂಟು. ಮಾರಿಕಣಿವೆಯ ಕಡಲಿನಲ್ಲಿ ಚಾಪೆ ಹಾಸಿದ ಜೀವಿಗಳು ಇವುಗಳ ಹಾಗೆಯೇ ಇದ್ದಿದ್ದರೆ, ಆ ಪದರಗಳ ಉಬ್ಬು ಒಂದೊಂದೂ ಬೆಳಕಿನ ಕಡೆಗೆ ತಿರುಗಿದ ಒಂದು ನಡೆ.

ಮಿತ್ರರು ತಮ್ಮ ಕಲ್ಲನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು. ಕಣ್ಣಲ್ಲದಿದ್ದರೂ ಮೇಜಿನ ಮೇಲಿಡಲು ಚೆನ್ನಾಗಿದೆಯೆಂದರು. ಸುಣ್ಣಗಲ್ಲಿನ ಪದರಗಳನ್ನು ಎಂದು ನೋಡುವುದು ಒಳ್ಳೆಯದೆಂದು ಕೇಳಿದರು. ಮಳೆ ಬಂದು ಕಲ್ಲು ತೊಯ್ದಿರುವಾಗ, ಬಿಸಿಲು ಓರೆಯಾಗಿರುವ ಬೆಳಗಿನಲ್ಲಿ ರೇಖೆಗಳು ಸ್ಪಷ್ಟವಾಗಿ ಎದ್ದು ಕಾಣುವುವು. ಸುತ್ತಿಗೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕೆಂದು ಹೇಳಿ ಕಳುಹಿಸಿದೆವು.